ಹಣೆಯ ಮೇಣ

ಚನ್ನಗಿರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ಒಬ್ಬ ವಿಧವೆ. ಜೇನು ಹಿಂಡಿ ಉಳಿದ ಹುಟ್ಟನ್ನು ಕುದಿಸಿ, ಬಟ್ಟೆಯಲ್ಲಿ ಸೋಸಿ, ಹೆಪ್ಪುಗಟ್ಟಿದ ಮೇಣಕ್ಕೆ ಕೊಬ್ಬರಿ ಎಣ್ಣೆ ಬೆರೆಸಿ ಬೀದಿಯ ಮನೆಮನೆಗೂ ಹಂಚುತ್ತಿದ್ದರು. ಸ್ಟಿಕರ್ ಬರುವ ಮೊದಲು ಹೆಂಗಸರು ಹಣೆಗೆ ಮೇಣ ಸವರಿಯೇ ಕುಂಕುಮ ಇಡುತ್ತಿದ್ದುದು. ಮದುವೆಗೆ ಈಗಲೂ ಅದೇ ಬೇಕು. ಕೊಡುವಾಗ ಡಬ್ಬಿಯ ಮುಚ್ಚಳ ತಟ್ಟಿ, "ತೆಳ್ಳಗೆ ಸವರ್ರಿ" ಎನ್ನುವುದು ಅವರ ರೂಢಿ.

ಒಮ್ಮೆ ಎದುರುಮನೆಯಲ್ಲಿ ಮದುವೆ. ಬೆವರಿಗೆ ಮದುಮಗಳ ಕುಂಕುಮ ಇಳಿಯತೊಡಗಿತು. ಹುಡುಗಿಯ ಸೋದರತ್ತೆ ಇವರ ಬಾಗಿಲಿಗೆ ಬಂದು, "ಮೇಣದ ಡಬ್ಬಿ ಕೊಡ್ರಿ. ನೀವು ಬರಾದು ಬ್ಯಾಡ, ಶುಭಕಾರ್ಯ ಐತೆ" ಎಂದಳು. ಅಲ್ಲೇ ನಿಂತಿದ್ದ ನನಗೆ ಮೈಯೆಲ್ಲ ಉರಿಯಿತು. ಈಕೆ ಮಾಡಿದ ಮೇಣ ಬೇಕು, ಈಕೆ ಬೇಡ! ಇದು ಯಾವ ಶಾಸ್ತ್ರ?

ಅವರು ಜಗಳಕ್ಕೆ ನಿಲ್ಲಲಿಲ್ಲ. ಕನ್ನಡಿಯ ಮುಂದೆ ನಿಂತು ತಮ್ಮ ಹಣೆಗೇ ಮೇಣ ಸವರಿ, ಕಾಸಗಲ ಕುಂಕುಮ ಇಟ್ಟುಕೊಂಡು, ಡಬ್ಬಿ ಹಿಡಿದು ನೇರ ಚಪ್ಪರದೊಳಗೆ ನಡೆದರು.

"ಇದೇನ್ರೀ ಇದು!" ಸೋದರತ್ತೆ ಕಿರುಚಿದಳು.

"ಮೇಣ ಹಿಡೀತೈತಾ ಅಂತ ನೋಡ್ದೆ ಕಣವ್ವ. ಹಿಡೀತು. ಈಗ ಹುಡುಗಿಗೆ ಹಚ್ಚಾಕೆ ಬಂದೀನಿ."

ಮದುಮಗಳು ಕಣ್ಣು ಮುಚ್ಚಿ, ಅವರತ್ತ ಮುಖ ಎತ್ತಿದಳು.