ಮೊಣಕೈ ಮೇಲಿನ ಏಟು

ಬೂಸಾನ್ ಬಂದರಿನ ಮೀನುಪೇಟೆಯ ಹಿಂದೆ, ಮಂಜುಗಡ್ಡೆ ಗೋದಾಮಿನ ಮಹಡಿಯಲ್ಲಿ ಪ್ಯೋ ಮೇಷ್ಟ್ರ ಜಿಮ್ ಇತ್ತು. ಹನ್ನೊಂದು ವರ್ಷ ಅಲ್ಲಿ ನಾನು ಏಟು ತಿಂದಿದ್ದೇನೆ, ಅದೂ ಶುಲ್ಕ ಕೊಟ್ಟು. ಡಂಬೆಲ್ ಎತ್ತುವಾಗ ಮೊಣಕೈ ಪಕ್ಕೆ ಬಿಟ್ಟು ಬೆರಳಗಲ ಮುಂದೆ ಬಂದರೆ ಸಾಕು, ಮೇಷ್ಟ್ರ ಕೋಲು ಚಟಾರನೆ ಮೂಳೆಗೇ ಬೀಳುತ್ತಿತ್ತು.

"ಸೊಂಟ ಆಡ್ಸೋದಾದ್ರೆ ಹೋಗಿ ಎಲ್ಲಾದ್ರೂ ಕುಣಿಯೋ, ಇಲ್ಲಿಗ್ಯಾಕೆ ಬಂದೆ? ಎತ್ತೋದು ಕತ್ತೇನೂ ಎತ್ತುತ್ತೆ. ಇಳಿಸೋದ್ರಲ್ಲಿ ಬೆಳೆಯೋದು ತೋಳು. ನಾಲ್ಕೆಣಿಸಿ ಇಳ್ಸು!"

ಅವರ ಬಲತೋಳಿನ ಮಾಂಸ ಭುಜದ ಹತ್ತಿರ ಉಂಡೆಕಟ್ಟಿತ್ತು. ಹರೆಯದಲ್ಲಿ ಬಂದರಿನ ಕೂಲಿಗಳೆದುರು ಜಂಬಕ್ಕೆ ಭಾರವನ್ನು ಜಗ್ಗಿ ಎತ್ತಿ, ಮೊಣಕೈ ಬಳಿ ಸ್ನಾಯು ಕಿತ್ತುಬಂದಿತ್ತು. ಇನ್ಯಾರಿಗೂ ಹಾಗಾಗಬಾರದೆಂದೇ ಹೊಡೆಯುತ್ತೇನೆ ಎನ್ನುತ್ತಿದ್ದರು. ನಾವೂ ನಂಬಿದ್ದೆವು. ಸಂಜೆ ಸೋಜು ಸಾರಾಯಿ ಕುಡಿಯುತ್ತಾ ಒಬ್ಬರಿಗೊಬ್ಬರು ಬಾಸುಂಡೆ ತೋರಿಸಿ ಹೆಮ್ಮೆಪಡುತ್ತಿದ್ದ ಮೂರ್ಖರು ನಾವು.

ಅವರ ಅಚ್ಚುಮೆಚ್ಚಿನ ಶಿಷ್ಯ ಮೀನಿನ ಪೆಟ್ಟಿಗೆ ಹೊರುವ ಮಾನ್‌ಹೋ. ಒಂದು ಮಧ್ಯಾಹ್ನ ಅವನ ಹೆಂಡತಿ ಯೊನೋಕ್, ಮೀನು ಸೀಳುವ ಕೆಲಸದಿಂದ ರಬ್ಬರ್ ಬೂಟಿನಲ್ಲೇ ಮೆಟ್ಟಿಲು ಹತ್ತಿಬಂದು ತೋಳು ಮಡಚಿ ತೋರಿಸಿದಳು. ಎರಡೂ ಮೊಣಕೈ ಕಪ್ಪುಗಟ್ಟಿದ್ದವು.

"ಮೇಷ್ಟ್ರೇ, ಇದು ನಿಮ್ಮ ಪಾಠ. ಸಾರಿಗೆ ಉಪ್ಪು ಹೆಚ್ಚಾದ್ರೆ ಒಂದು, ಎದುರು ಮಾತಾಡಿದ್ರೆ ಎರಡು. 'ತಿದ್ತಾ ಇದೀನಿ ಕಣೇ, ಮೇಷ್ಟ್ರು ನನ್ನ ತಿದ್ದಿದ್ದೂ ಹಿಂಗೇ' ಅಂತಾನೆ. ಅವನು ಕೈ ಎತ್ತಿದ್ರೆ ಹಿಡಿಯೋಷ್ಟು ತೋಳು ಬೇಕು ನಂಗೆ. ಕಲಿಸ್ತೀರೋ ಇಲ್ವೋ?"

ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಕೋಲನ್ನು ಬೆಂಚಿನ ಕೆಳಗೆ ತಳ್ಳಿದರು. ನಮ್ಮ ತಾಯಂದಿರು ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳುವ ಬಟ್ಟೆಯಿಂದ ಅವಳ ಮೊಣಕೈಗಳನ್ನು ಪಕ್ಕೆಗೆ ಸೇರಿಸಿ ಕಟ್ಟಿ, ಕೈಗೆ ಪುಟ್ಟ ಡಂಬೆಲ್ ಕೊಟ್ಟರು. ಮಾನ್‌ಹೋ ಬಂದರಿನಲ್ಲಿರುವ ಹೊತ್ತು ನೋಡಿಕೊಂಡು ಆರು ತಿಂಗಳು ಕಲಿಸಿದರು.

"ಭುಜ ಎತ್ತಬೇಡಮ್ಮ. ಮಣಿಕಟ್ಟು ನೆಟ್ಟಗಿರ್ಲಿ. ನಿಧಾನ... ಇನ್ನೂ ನಿಧಾನ."

ಅವರಲ್ಲಿ ಅಂಥ ಮೆತ್ತನೆಯ ದನಿಯೂ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ. ಕೇಳಿ ಮೈ ಉರಿಯಿತು. ನಮಗ್ಯಾಕೆ ಅದನ್ನು ಕೊಡಲಿಲ್ಲ?

ವಿಷಯ ಮಾನ್‌ಹೋಗೆ ಗೊತ್ತಾಯಿತು. ಒಂದು ದಿನ ಅವಳು ಅಭ್ಯಾಸ ಮುಗಿಸಿ ಮೊಣಕೈಗಳ ಕಟ್ಟು ಬಿಚ್ಚುತ್ತಿದ್ದಾಗ ಬಾಗಿಲು ಒದ್ದು ನುಗ್ಗಿದ. "ಲೇ, ಗಂಡಸ್ರ ಮಧ್ಯೆ ತೋಳು ಬೆಳೆಸ್ತೀಯೇನೇ?" ಎಂದವನೇ ಬೆಂಚಿನ ಕೆಳಗಿನ ಕೋಲು ಎಳೆದು ಬೀಸಿದ. ಮೊದಲ ಏಟಿಗೆ ಅವಳ ಕಿವಿ ಹರಿದು ರಕ್ತ ಕತ್ತಿಗಿಳಿಯಿತು. ಅಡ್ಡಬಂದ ಮೇಷ್ಟ್ರ ಹುಬ್ಬು ಎರಡನೆಯದಕ್ಕೆ ಒಡೆಯಿತು. ಮೂರನೆಯದು ಬೀಳಲಿಲ್ಲ. ಯೊನೋಕ್ ಅವನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ತನ್ನ ಮೊಣಕೈ ಪಕ್ಕೆಗೊತ್ತಿ, ಎದೆಗೆಳೆದುಕೊಂಡಳು. ಎಷ್ಟು ಕೊಸರಿದರೂ ಬಿಡಲಿಲ್ಲ. ಕೋಲು ಕೆಳಗೆ ಬಿತ್ತು, ನಾವು ನಾಲ್ವರು ಅವನ ಮೇಲೆ ಬಿದ್ದೆವು. ಅವನ ಮೂಗು ಜಜ್ಜಿದ್ದು ನಾನೇ. ಸುಳ್ಳು ಯಾಕೆ, ಖುಷಿಯಾಗಿತ್ತು.

"ಮೇಷ್ಟ್ರೇ, ನೀವಾದ್ರೂ ಹೇಳಿ!" ಅವನು ನೆಲದಿಂದಲೇ ಅರಚಿದ. "ನೀವು ಹೊಡೆದಿದ್ದಕ್ಕೇ ಅಲ್ವಾ ನಾನು ಮನುಷ್ಯ ಆಗಿದ್ದು?"

ಗದ್ದಲ ಕೇಳಿ ಬಂದ ಪೊಲೀಸರು ಅವನನ್ನು ಕೆಳಗೆ ಎಳೆದೊಯ್ದ ಮೇಲೆ ಮೇಷ್ಟ್ರು ಯೊನೋಕ್ ಎದುರು ಮಂಡಿಯೂರಿ, ಗಟ್ಟಿಯಿದ್ದ ಎಡಗೈ ಚಾಚಿದರು.

"ಹೊಡಿ, ತಾಯಿ."

ಅವಳು ಕೋಲೆತ್ತಿ, ಬಲವೆಲ್ಲ ಹಾಕಿ ಮೊಣಕೈಗೇ ಬಾರಿಸಿದಳು. ಮೂಳೆಯ ಸದ್ದು ನಮಗೆಲ್ಲ ಕೇಳಿಸಿತು.

"ನೋವಾಯ್ತಾ?"

"ಆಯ್ತಮ್ಮ."

"ಏನಾದ್ರೂ ಕಲಿತ್ರಾ?"

ಮೇಷ್ಟ್ರು ಬಲಗೈಯಿಂದ ಆ ಮೊಣಕೈ ಸವರಿಕೊಂಡರು. ಆಮೇಲೆ ಅಳುತ್ತಾ ತಲೆ ಅಡ್ಡಡ್ಡ ಆಡಿಸಿದರು.

"ಇಲ್ಲಮ್ಮ. ಬರೀ ನೋವು."