ಬಿಸಿಲಿಗಿಟ್ಟ ಸೆಲ್ಲು

ಬೆಲೆ ತೆತ್ತದ್ದು ನನ್ನ ಸೋದರತ್ತೆಯ ಬಲಗಣ್ಣು. ಸೆಲ್ಲು ತಯಾರಿಸಿದವರಲ್ಲ, ತರಿಸಿದವರಲ್ಲ, ಮಾರಿದವರೂ ಅಲ್ಲ. ಬೂಕನಕೆರೆಯ ಬಳಿಯ ಹಳ್ಳಿಯೊಂದರಲ್ಲಿ ಎರಡು ಹಸು ಕಟ್ಟಿಕೊಂಡು, ಬೆಳಕು ಹರಿಯುವ ಮೊದಲೇ ಡೇರಿಗೆ ಹಾಲು ಹಾಕಿ ಬರುತ್ತಿದ್ದ ಹೆಂಗಸು.

ತೊಂಬತ್ತರ ದಶಕದ ನಡುವಿನ ಮಾತಿದು. ಅತ್ತೆಯ ಮನೆಯಿಂದ ಡೇರಿಗೆ ಹೋಗಲು ಕಬ್ಬಿನ ಗದ್ದೆಗಳ ನಡುವಿನ ಬದುವೇ ದಾರಿ. ದಾರಿಯ ತುದಿಯಲ್ಲಿದ್ದ ಕಂಬದ ದೀಪ ಉರಿದದ್ದನ್ನು ನಾನು ಕಂಡಿಲ್ಲ. ಹಾವುಗಳಿಗಂತೂ ಅಲ್ಲಿ ಬರವಿರಲಿಲ್ಲ. ಮನೆಯಲ್ಲಿ ಮೂರು ಸೆಲ್ಲಿನ ದೊಡ್ಡ ಟಾರ್ಚೊಂದಿತ್ತು. ಊರಿನವರೆಲ್ಲ ಟಾರ್ಚನ್ನು ಬ್ಯಾಟರಿ ಎಂದೇ ಕರೆಯುತ್ತಿದ್ದರು. ಆ ಬ್ಯಾಟರಿ ಮಾವನದು. ನಾಲೆಯ ನೀರು ತಿರುಗಿಸಲು ಹೋಗುವ ಗಂಡಸಿಗೆ ಬೆಳಕು ಬೇಕು, ಹಾಲಿನ ಕ್ಯಾನು ಹೊತ್ತ ಹೆಂಗಸಿಗೆ ಕತ್ತಲೆ ಸಾಕು ಎಂಬ ಈ ಏರ್ಪಾಡನ್ನು ಯಾರೂ ಅನ್ಯಾಯವೆಂದು ಕರೆದಿರಲಿಲ್ಲ. ನಾನು ಕರೆದಾಗ ಮಾವ ನಕ್ಕರು.

"ಡೇರಿಗೆ ಓಗಕ್ಕೆ ನಿನ್ನತ್ತೆಗೆ ಬ್ಯಾಟ್ರಿ ಯಾಕಮ್ಮೀ? ಕ್ಯಾನಲ್ಲಿರೋ ಹಾಲೇ ಬೆಳ್ಳಗೆ ಒಳೀತದಲ್ಲ!"

"ನಿಮ್ ಬ್ಯಾಟ್ರಿ ನೀವೇ ಮಡಿಕ್ಕಳಿ," ಎಂದರು ಅತ್ತೆ ಒಲೆಯ ಮುಂದಿನಿಂದಲೇ. "ಅದ್ನ ಒತ್ಕಂಡ್ ಓಗಕ್ಕೆ ಇನ್ನೊಂದಾಳು ಮಡಗ್ಬೇಕಾಯ್ತದೆ."

ಅತ್ತೆಗೆ ಬೇಕಾಗಿದ್ದುದು ಕ್ಯಾನು ಹಿಡಿದ ಕೈಯ ಬೆರಳುಗಳಲ್ಲೇ ಸಿಕ್ಕಿಸಿಕೊಳ್ಳಬಹುದಾದ, ಆದರೆ ಬದುವಿನ ಆ ತುದಿಯವರೆಗೂ ಬೆಳಕು ಚೆಲ್ಲುವ ಪುಟ್ಟ ಟಾರ್ಚು. ಅಂಥದ್ದೊಂದನ್ನು ಹುಡುಕಿ ತಂದುಕೊಟ್ಟೆ. ಎರಡೇ ಚಿಕ್ಕ ಸೆಲ್ಲು. ಬೆಳಕು ಮಾತ್ರ ಕಣ್ಣು ಕುಕ್ಕುವಂತಿತ್ತು. ಆದರೆ ಪುಟ್ಟ ಹೊಟ್ಟೆಯ ಆ ಟಾರ್ಚಿಗೆ ದೊಡ್ಡ ಹಸಿವು: ಮಾಮೂಲಿ ಸೆಲ್ಲುಗಳನ್ನು ಕೆಲವೇ ಬೆಳಗಿನಲ್ಲಿ ತಿಂದು ಮುಗಿಸುತ್ತಿತ್ತು. ಸೋತ ಸೆಲ್ಲುಗಳನ್ನು ಅತ್ತೆ ಹೆಂಚಿನ ಮೇಲೆ, ಒಣಮೆಣಸಿನಕಾಯಿಯ ಪಕ್ಕದಲ್ಲಿ ಬಿಸಿಲಿಗಿಡುತ್ತಿದ್ದರು. ನಮ್ಮ ಸೀಮೆಯಲ್ಲಿ ಯಾವ ಮನೆಯ ಮಾಡು ನೋಡಿದರೂ ಈ ನೋಟವಿತ್ತು. ಬಿಸಿಲು ಕುಡಿದ ಸೆಲ್ಲು ಇನ್ನೊಂದಿಷ್ಟು ಹೊತ್ತು ಉರಿಯುತ್ತದೆ ಎಂಬುದು ಎಲ್ಲರ ಅನುಭವ; ಅದು ಸುಳ್ಳೂ ಆಗಿರಲಿಲ್ಲ.

ಹಾಗಾಗಿ ಅತ್ತೆಯನ್ನು ಕೃಷ್ಣರಾಜಪೇಟೆಯ ಎಲೆಕ್ಟ್ರಿಕ್ ಅಂಗಡಿಗೆ ಕರೆದೊಯ್ದೆ. ಮತ್ತೆ ಮತ್ತೆ ಚಾರ್ಜು ಮಾಡುವ ಸೆಲ್ಲು ಆಗಷ್ಟೇ ಅಲ್ಲಿಗೆ ಬಂದಿತ್ತು. ಮಾಲೀಕರು ಎರಡು ಬಗೆಯನ್ನು ಗಾಜಿನ ಮೇಲಿಟ್ಟರು. ಒಂದರ ಮೈಮೇಲೆ ಸಾಮರ್ಥ್ಯದ ದೊಡ್ಡ ಸಂಖ್ಯೆ, ಕೈಗೆ ಮಾತ್ರ ಬೆಂಡಿನಷ್ಟು ಹಗುರ. ಇನ್ನೊಂದರ ಸಂಖ್ಯೆ ಚಿಕ್ಕದು, ಸೆಲ್ಲು ಭಾರ. ಅತ್ತೆ ಎರಡನ್ನೂ ಅಂಗೈಯಲ್ಲಿ ತೂಗಿ, "ತೂಕ ಇರೋದ್ ಕೊಡಿ. ಬರ್ದಿರೋದ್ನ ನಂಬ್ಕಂಡು ಯಾರಾದ್ರೂ ಕುಂಬಳಕಾಯಿ ತಗತಾರಾ?" ಎಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮಾಲೀಕರು ಡಬ್ಬಿಯಿಂದ ಭಾರದ ಜೋಡಿಯೊಂದನ್ನು ಬಿಡಿಯಾಗಿ ತೆಗೆದು, ರಬ್ಬರ್ ಬ್ಯಾಂಡು ಹಾಕಿ, ಚಾರ್ಜರಿನೊಂದಿಗೆ ಕೊಟ್ಟರು. ಡಬ್ಬಿ ಅಂಗಡಿಯಲ್ಲೇ ಉಳಿಯಿತು. ಎಚ್ಚರಿಕೆಯ ಒಂದು ಮಾತೂ ಅದರೊಂದಿಗೆ ಅಲ್ಲೇ ಉಳಿಯಿತು.

ಒಂದು ಮಳೆಗಾಲವಿಡೀ ಅತ್ತೆ ರಾಣಿಯಂತೆ ನಡೆದರು. ಡೇರಿಯ ಜಗಲಿಯಲ್ಲಿ ಹಾಲು ಅಳೆಯುವವರೆಗೆ ಹೆಂಗಸರು ಹರಟುವ ಆ ಹೊತ್ತು ಅವರ ದಿನದ ಸುಖವಾಗಿತ್ತು. ಆಮೇಲೆ ಜೋಡಿಯಲ್ಲಿ ಒಂದು ಸೆಲ್ಲು ಸೋತಿತು. ಊರ ಪಕ್ಕದ ಚಿಕ್ಕ ಅಂಗಡಿಯಲ್ಲಿ ಅಳತೆ ತೋರಿಸಿ ಅಂಥದ್ದೇ ಒಂದನ್ನು ಕೇಳಿದರು. ಸಿಕ್ಕಿದ್ದು ಮಾಮೂಲಿ ಸೆಲ್ಲು. ಅದೇ ಉದ್ದ, ಅದೇ ದಪ್ಪ. ಅದು ಮಂಕಾದಾಗ ಹಳೆಯ ಸೆಲ್ಲಿನ ಜೊತೆಯಲ್ಲಿ ಅದನ್ನೂ ಚಾರ್ಜಿಗೆ ಹಾಕಿದರು.

ಆ ದಿನ ನಾನು ಅಲ್ಲೇ ಇದ್ದೆ. ಹಾಲು ಹಾಕಿ ಬಂದ ಅತ್ತೆ, ಬೆಳಗಿನ ಬಿಸಿಲಿನಲ್ಲಿ, ಚಾರ್ಜರಿನೊಳಗೆ ಉಬ್ಬಿ ಕಚ್ಚಿಕೊಂಡಿದ್ದ ಆ ಮಾಮೂಲಿ ಸೆಲ್ಲನ್ನು ಹೆಬ್ಬೆರಳಿನಿಂದ ಎಬ್ಬಿಸುತ್ತಿದ್ದರು. ಬುಸ್ಸೆಂಬ ಸದ್ದು, ಕಪ್ಪು ರಸ ಮುಖಕ್ಕೆ ಚಿಮ್ಮಿತು. ಹಾವೇ ಕಚ್ಚಿತೆಂದುಕೊಂಡು ಮಾವ ಕೋಲು ಹಿಡಿದು ಓಡಿಬಂದರು. ಅತ್ತೆ ಕಣ್ಣು ಮುಚ್ಚಿ ನೆಲದ ಮೇಲೆ ಕುಳಿತಿದ್ದರು. ಚೊಂಬಿನ ನೀರನ್ನು ಅವರ ಕಣ್ಣಿಗೆ ಹೊಯ್ದೆ. ಇಷ್ಟು ಚಿಕ್ಕ ವಸ್ತು, ಮನೆಯ ಗೂಡಿನಲ್ಲಿ ಉಪ್ಪಿನ ಪಕ್ಕ ಇಟ್ಟಿದ್ದ ವಸ್ತು!

ಪಾಂಡವಪುರದ ಮೇಲೆ ಶ್ರೀರಂಗಪಟ್ಟಣಕ್ಕೆ, ಕಣ್ಣಿನ ವೈದ್ಯರ ಬಳಿಗೆ, ಬಸ್ಸಿನಲ್ಲಿ ಹೋದೆವು. ಒದ್ದೆ ಸೆರಗನ್ನು ಕಣ್ಣಿಗೊತ್ತಿಕೊಂಡೇ ಅತ್ತೆ ಕೇಳಿದರು: "ಬಿಸ್ಲು ಎಲ್ಲಾ ಸೆಲ್ಲಿಗೂ ಆಯ್ತದೆ. ಕರೆಂಟು ಯಾಕ್ ಆಗಕ್ಕಿಲ್ಲ ಮಗಾ?" ಅವರ ತರ್ಕದಲ್ಲಿ ಬಿರುಕಿರಲಿಲ್ಲ: ಚಾರ್ಜರೆಂದರೆ ಗೋಡೆಗೆ ಸಿಕ್ಕಿಸಿದ ಬಿಸಿಲು. ಬೇರೆಯ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಗಾಯ ಮಾಯುತ್ತದೆ, ಕಪ್ಪುಗುಡ್ಡೆಯ ಮೇಲಿನ ಬಿಳಿ ಕಲೆ ಮಾತ್ರ ಹೋಗುವುದಿಲ್ಲ ಎಂದರು ವೈದ್ಯರು. ಹಾಗೇ ಆಯಿತು; ಆ ಕಣ್ಣಿನ ನೋಟ ಮರಳಲಿಲ್ಲ.

ಸೆಲ್ಲು ಕೊಟ್ಟ ಚಿಕ್ಕ ಅಂಗಡಿಯವನನ್ನು ತರಾಟೆಗೆ ತೆಗೆದುಕೊಳ್ಳಲು ಹೋದೆ. ಚಾರ್ಜಿಗೆ ಹಾಕಿದ ಸೆಲ್ಲು ಸಿಡಿಯಿತೆಂದು ಕೇಳಿ ಅವನು ಬೆಚ್ಚಿಬಿದ್ದ.

"ಅಯ್ಯೋ, ನಮ್ಮನೇಲೂ ಅಂಗೇ ಮಾಡ್ತಾವ್ರಲ್ಲಕ್ಕಾ! ತಡೀರಿ," ಎಂದವನು ಗಲ್ಲಾ ಬಿಟ್ಟು ಒಳಗೆ ಓಡಿ, ಗೋಡೆಯಲ್ಲಿದ್ದ ಚಾರ್ಜರನ್ನು ಕಿತ್ತುಕೊಂಡು ಬಂದ. ಅದರೊಳಗಿದ್ದ ಎರಡೂ ಮಾಮೂಲಿ ಸೆಲ್ಲು. ಮಾರುವವನಿಗೇ ಯಾರೂ ಹೇಳಿರಲಿಲ್ಲ!

ಅಲ್ಲಿಂದ ಪೇಟೆಯ ಅಂಗಡಿಗೆ ಹೋದೆ. ಮಾಲೀಕರು ಖಾಲಿ ಡಬ್ಬಿಯೊಂದನ್ನು ತಿರುಗಿಸಿ, ತಳದಲ್ಲಿದ್ದ ಇರುವೆಸಾಲಿನಂಥ ಇಂಗ್ಲಿಷ್ ಅಕ್ಷರಗಳನ್ನು ತೋರಿಸಿದರು. ಬೇರೆ ಸೆಲ್ಲುಗಳನ್ನು ಚಾರ್ಜು ಮಾಡಿದರೆ ಸಿಡಿದಾವು ಎಂದು ಅಲ್ಲಿ ಸ್ಪಷ್ಟವಾಗಿಯೇ ಇತ್ತು.

"ಬರ್ದವ್ರೆ ನೋಡಿ ಮೇಡಂ. ಓದ್ಕಂಡಿದ್ರೆ ಗೊತ್ತಾಗ್ತಿತ್ತು."

"ಡಬ್ಬಿ ನಿಮ್ಮ ಹತ್ತಿರ, ಸೆಲ್ಲು ಅವರ ಹತ್ತಿರ. ಯಾರು ಓದಿಕೊಳ್ಳಬೇಕಿತ್ತು?"

"ಓದೋರು ಓದ್ಕತಾರೆ ಬುಡಿ," ಎಂದು ಅವರು ಮುಂದಿನ ಗಿರಾಕಿಯತ್ತ ತಿರುಗಿದರು. ಆ ಮಾತು ನನ್ನನ್ನು ಸಿಡಿದ ಸೆಲ್ಲಿಗಿಂತ ಹೆಚ್ಚು ಬೆಚ್ಚಿಸಿತು. ಅಪಾಯ ಅವರಿಗೆ ತಿಳಿದಿತ್ತು. ಯಾವ ಭಾಷೆಯವರಿಗೆ ಮಾರುತ್ತಿದ್ದೇವೆಂಬುದೂ ತಿಳಿದಿತ್ತು. ಅತ್ತೆಗೆ ಕನ್ನಡ ಓದಲು ಚೆನ್ನಾಗಿಯೇ ಬರುತ್ತಿತ್ತು. ಡೇರಿಯ ಚೀಟಿಯಲ್ಲಿ ತಪ್ಪು ಕಂಡರೆ ಅಲ್ಲೇ ಜಗಳ ತೆಗೆಯುತ್ತಿದ್ದ ಹೆಂಗಸು. ಆಕೆ ಓದಬಲ್ಲ ಒಂದು ಅಕ್ಷರವೂ ಆ ಸೆಲ್ಲಿನ ಮೇಲಾಗಲಿ, ಚಾರ್ಜರಿನ ಮೇಲಾಗಲಿ ಇರಲಿಲ್ಲ.

ಒಂದೇ ಕಣ್ಣಿಗೆ ಬದುವಿನ ಅಂಚು ಎಲ್ಲಿ ಮುಗಿಯುತ್ತದೆಂದು ತಿಳಿಯುವುದಿಲ್ಲ. ಅತ್ತೆ ಒಮ್ಮೆ ಕ್ಯಾನಿನ ಸಮೇತ ಗದ್ದೆಗೆ ಬಿದ್ದರು. ಮರುದಿನದಿಂದ ಹಾಲು ಹಾಕಲು ಮಾವನೇ ಹೋದರು, ಮೂರು ಸೆಲ್ಲಿನ ಬ್ಯಾಟರಿ ಹಿಡಿದು. ಜಗಲಿಯ ಹರಟೆ ಅತ್ತೆಗಿಲ್ಲವಾಯಿತು. ಪುಟ್ಟ ಟಾರ್ಚು ಗೂಡಿನಲ್ಲಿ ಕುಳಿತಿದೆ. ಅದರಲ್ಲಿ ಸೆಲ್ಲಿಲ್ಲ, ಹಾಕಲು ಅತ್ತೆ ಬಿಡುವುದಿಲ್ಲ.

ಸೆಲ್ಲು ತಯಾರಿಸುವವರೇ, ತರಿಸಿ ಹಂಚುವವರೇ, ನಿಮ್ಮ ಮರುಕ ನಮಗೆ ಬೇಡ. ನಮ್ಮ ತಾಲ್ಲೂಕುಗಳಿಗೆ ಬರುವ ಪ್ರತಿಯೊಂದು ಮಾಮೂಲಿ ಸೆಲ್ಲಿನ ಮೈಮೇಲೆ, ಡಬ್ಬಿಯ ತಳದಲ್ಲಲ್ಲ, ಸೆಲ್ಲಿನ ಮೈಮೇಲೆಯೇ, "ಇದನ್ನು ಚಾರ್ಜಿಗೆ ಹಾಕಬೇಡಿ, ಸಿಡಿಯುತ್ತದೆ" ಎಂದು ಕನ್ನಡದಲ್ಲಿ ಅಚ್ಚು ಹಾಕಿಸಿ. ಚಾರ್ಜರಿನ ಮೇಲೂ ಹಾಕಿಸಿ. ನನ್ನ ಅತ್ತೆ ಉಳಿದಿರುವ ಎಡಗಣ್ಣಿನಿಂದ ಓದಿಕೊಳ್ಳುವಷ್ಟು ದೊಡ್ಡ ಅಕ್ಷರಗಳಲ್ಲಿ.