ಮಹಾವೀರಣ್ಣ ಆರಿಸಿ ತಂದ ಕಂಪ್ಯೂಟರ್

ಇಚಲಕರಂಜಿಯ ನೂಲಿನ ಪೇಟೆಯಲ್ಲಿ ವ್ಯಾಪಾರಿ ಮಹಾವೀರಣ್ಣನ ಹೆಬ್ಬೆರಳಿಗೆ ಇದ್ದ ಮರ್ಯಾದೆ ಅವನ ಉಳಿದ ಮೈಗೆ ಇರಲಿಲ್ಲ. ನೂಲಿನ ಎಳೆಯೊಂದನ್ನು ಎರಡು ಬೆರಳಿನ ನಡುವೆ ಹೊಸೆದು, ಕಣ್ಣು ಮುಚ್ಚಿ, ಇದು ನಲವತ್ತು ನಂಬರಿನದು, ಹತ್ತಿ ಒಳ್ಳೆಯದು ಎಂದುಬಿಟ್ಟರೆ ಮುಗಿಯಿತು. ಮಗ್ಗದ ಮಾಲಕರು ಎದುರು ಮಾತಾಡದೆ ಮಾಲು ಎತ್ತಿಕೊಂಡು ಹೋಗುತ್ತಿದ್ದರು.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಹೊಗಳಿಕೆ ತಲೆಗೇರಿದ ಮನುಷ್ಯ ನೂಲಿಗೆ ಮಾತ್ರ ನಿಲ್ಲುತ್ತಾನೆಯೇ? ಬೆಲ್ಲ, ಬದನೆಕಾಯಿ, ಛತ್ರಿಯ ಬಟ್ಟೆ, ಎಲ್ಲಕ್ಕೂ ಅದೇ ಹೆಬ್ಬೆರಳು. ಡಾಕ್ಟರು ಕೊಟ್ಟ ಗುಳಿಗೆಯನ್ನೂ ಹೊಸೆದು ನೋಡದೆ ನುಂಗುತ್ತಿರಲಿಲ್ಲ. ಅರ್ಧ ಗುಳಿಗೆ ಪುಡಿಯಾಗಿ ನೆಲಕ್ಕೆ ಬೀಳುತ್ತಿತ್ತು, ಉಳಿದರ್ಧ ಹೊಟ್ಟೆಗೆ ಹೋಗುತ್ತಿತ್ತು, ಜ್ವರ ಬಿಟ್ಟರೆ ಶ್ರೇಯಸ್ಸು ಬೆರಳಿಗೆ. ಹೆಣ್ಣು ನೋಡಲು ಬಂದ ದಿನ ಇವರು ನನ್ನ ಮುಖ ನೋಡಲೇ ಇಲ್ಲ, ಸೀರೆಯ ಸೆರಗನ್ನು ಹೊಸೆದು ನೋಡಿ ಒಪ್ಪಿಗೆ ಕೊಟ್ಟರು ಎಂದು ಹೆಂಡತಿ ಶಾಲನ ಇಂದಿಗೂ ಬಂದವರ ಮುಂದೆ ಹೇಳುತ್ತಾಳೆ.

ಅದು ೧೯೮೭ರ ಬೇಸಿಗೆ. ಮಗಳು ಕಾಂಚನ ಹನ್ನೆರಡನೆಯ ತರಗತಿಯ ಪರೀಕ್ಷೆ ಮುಗಿಸಿದ್ದಳು. ಕೊಲ್ಹಾಪುರಕ್ಕೆ ಹೋಗಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಬೇಕೆಂಬುದು ಅವಳ ಹಟ. ಗಡಹಿಂಗ್ಲಜದ ಮೆಣಸಿನಕಾಯಿ ವ್ಯಾಪಾರಿ ಭಾವುಸಾಹೇಬರ ಮಗನಿಗೆ ಅವಳನ್ನು ಕೊಡಬೇಕೆಂಬುದು ಅಪ್ಪನ ಲೆಕ್ಕ. ಅವಳ ಬಳಿ ಒಂದು ಮಾಸಪತ್ರಿಕೆಯಿತ್ತು. ಬಿಡಿಭಾಗ ತಂದು ಮನೆಯಲ್ಲೇ ಜೋಡಿಸಿ, ಟಿವಿಗೆ ಹಚ್ಚಿ ಆಟ ಆಡಬಹುದಾದ ಕಂಪ್ಯೂಟರಿನ ನಕ್ಷೆ ಅದರಲ್ಲಿತ್ತು. ಇದನ್ನು ನಾನು ಮಾಡಿ ತೋರಿಸಿದರೆ ಕಳಿಸುತ್ತೀರಾ ಎಂದು ಅಂಗಡಿಗೇ ಬಂದು ಕೇಳಿದಳು. ನಾಲ್ಕು ಜನ ಗಿರಾಕಿಗಳು ಕೂತಿದ್ದರು. ದೊಡ್ಡಸ್ತಿಕೆ ತೋರಿಸಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ.

"ಜೂನ್ ಹತ್ತರೊಳಗ ಆಟ ನಡದ್ರ ಕೊಲ್ಹಾಪುರ, ಇಲ್ಲಂದ್ರ ಗಡಹಿಂಗ್ಲಜ," ಎಂದ ಮಹಾವೀರಣ್ಣ. "ಆದ್ರ ಮಾಲ್ ಆರಿಸಾಂವ ನಾನು."

ಕೊಲ್ಹಾಪುರದಲ್ಲಿ ಕುಂಥುನಾಥ ಎಂಬಾತ ರೇಡಿಯೊ ಸಾಮಾನಿನ ಅಂಗಡಿ ಇಟ್ಟಿದ್ದ. ಅಲ್ಲಿ ಮಹಾವೀರಣ್ಣ ಮೊದಲು ಟ್ರಾನ್ಸ್‌ಫಾರ್ಮರುಗಳನ್ನು ಒಂದೊಂದಾಗಿ ಕೈಯಲ್ಲಿ ತೂಗಿ, ಎಲ್ಲಕ್ಕಿಂತ ಭಾರದ್ದನ್ನು ಆರಿಸಿದ. ಕೀಬೋರ್ಡನ್ನು ಹಾರ್ಮೋನಿಯಮ್ಮಿನಂತೆ ಒತ್ತಿ ನೋಡಿ, ಗಟ್ಟಿ ಸಪ್ಪಳ ಮಾಡಿದ್ದನ್ನು ತೆಗೆದುಕೊಂಡ. ದೇವರ ದಯೆಯಿಂದ ಎರಡೂ ಒಳ್ಳೆಯವೇ ಇದ್ದವು, ಹೀಗಾಗಿ ಅವನ ಧೈರ್ಯ ಇನ್ನಷ್ಟು ಹೆಚ್ಚಿತು. ಕೊನೆಗೆ ಬಂದವು ಮೆಮರಿ ಚಿಪ್ಪುಗಳು. ಕಂಪ್ಯೂಟರಿಗೆ ನೆನಪು ಕೊಡುವ, ಜಿರಳೆಯಂಥ ಕಾಲುಗಳ ಪುಟ್ಟ ಕರಿ ಬಿಲ್ಲೆಗಳು. ಎಂಟು ಬೇಕಿದ್ದವು. ಬೆಳ್ಳಿ ಕಾಗದದಲ್ಲಿ ಸುತ್ತಿದ್ದವು. ಅವುಗಳ ಕಾಲು ಮುಟ್ಟಬೇಡಿರಿ ಎಂದ ಕುಂಥುನಾಥ.

ಮುಟ್ಟಬೇಡ ಎಂದರೆ ಮಾಲು ಖೋಟಾ ಎಂದೇ ಪೇಟೆಯಲ್ಲಿ ಅರ್ಥ. ಮಹಾವೀರಣ್ಣ ಕಾಗದ ಬಿಚ್ಚಿ ಬಿಸಾಡಿ ಒಂದೊಂದು ಚಿಪ್ಪನ್ನೂ ಮನಸಾರೆ ಹೊಸೆದ. ಹನ್ನೆರಡರಲ್ಲಿ ನಾಲ್ಕನ್ನು ಹಗುರೆಂದು ತಳ್ಳಿ ಎಂಟನ್ನು ಜೇಬಿಗೆ ಹಾಕಿಕೊಂಡ. ಮೈಮೇಲೆ ಟೆರಿಲಿನ್ ಅಂಗಿಯಿತ್ತು. ಆ ವರ್ಷ ಅವನು ಪಾಲಿಯೆಸ್ಟರ್ ನೂಲಿನ ವ್ಯಾಪಾರಕ್ಕೆ ಕೈ ಹಾಕಿದ್ದ. ಆ ಒಣ ಬಿಸಿಲಲ್ಲಿ ಅಂಗಿ ಕಳಚಿದರೆ ಚಟಚಟ ಎಂದು ಕಿಡಿ ಹಾರುತ್ತಿತ್ತು, ಅದನ್ನೂ ಅವನು ಬಟ್ಟೆಯ ಗುಣವೆಂದು ಬಂದವರಿಗೆ ಕೇಳಿಸುತ್ತಿದ್ದ.

ಕಾಂಚನ ಹದಿನೈದು ದಿನ ಕೂತು ಬೆಸುಗೆ ಹಾಕಿದಳು. ಟಿವಿಯ ಮೇಲೆ ಆಟ ಬರಲಿಲ್ಲ, ಬರೀ ಕಪ್ಪು ಬಿಳುಪು ಚೌಕಗಳು ಬಂದವು. ಕುಣಿಯಲಾರದವಳಿಗೆ ನೆಲ ಡೊಂಕು. ಕುಂಥುನಾಥ ಮೋಸಗಾರ ಎಂದು ಮಹಾವೀರಣ್ಣ ಓಣಿಯಲ್ಲೆಲ್ಲ ಸಾರಿದ. ಮತ್ತೆ ಕೊಲ್ಹಾಪುರಕ್ಕೆ ಹೋಗಿ ಇನ್ನೆಂಟು ತಂದ. ಈ ಸಲ ಜಾಗ್ರತೆ ಹೆಚ್ಚು, ಬಸ್ಸು ದಾರಿಯ ನಡುವಿನ ಹಾತಕಣಂಗಲೆ ಮುಟ್ಟುವುದರೊಳಗೆ ಒಂದೊಂದೂ ಮೂರು ಸಲ ಪರೀಕ್ಷೆಯಾಗಿತ್ತು. ಅವೂ ಚೌಕಗಳನ್ನೇ ತೋರಿಸಿದವು.

ಆಗ ಕಾಂಚನ ಮಾಸಪತ್ರಿಕೆ ತಂದು ಅಪ್ಪನಿಗೆ ಓದಿ ಹೇಳಿದಳು. ಮನುಷ್ಯನ ಮೈಯಲ್ಲಿ ಕಾಣದಂಥ ವಿದ್ಯುತ್ತು ಕೂಡಿರುತ್ತದೆ, ಟೆರಿಲಿನ್ ತೊಟ್ಟವರಲ್ಲಿ ಮತ್ತೂ ಹೆಚ್ಚು, ಬೆರಳು ತಾಗಿದರೆ ಸಾಕು ಚಿಪ್ಪು ಸತ್ತುಹೋಗುತ್ತದೆ ಎಂದು ಬರೆದಿತ್ತು. ಬರೆದವನು ನನ್ನ ಬೆರಳು ನೋಡಿದ್ದಾನೇನು ಎಂದು ಕೇಳಿದ ಮಹಾವೀರಣ್ಣ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಜೂನ್ ಎಂಟಕ್ಕೆ ಹೆಣ್ಣು ನೋಡಲು ಬರಬೇಕೆಂದು ಅಂದೇ ಗಡಹಿಂಗ್ಲಜಕ್ಕೆ ಕಾರ್ಡು ಬರೆದು ಹಾಕಿದ.

ಕಾಂಚನ ಅಳಲಿಲ್ಲ, ಅವಳಿಗೆ ಸಿಟ್ಟು ಬಂದಿತ್ತು. ಶಾಲನಳಿಗೆ ಅದಕ್ಕಿಂತ ಹೆಚ್ಚು ಬಂದಿತ್ತು. ಶಾಲನಳ ತಂಗಿಯ ಮನೆಗೆ ಹೋಗಿಬರುತ್ತೇವೆಂದು ಹೇಳಿ ತಾಯಿ ಮಗಳು ಕೊಲ್ಹಾಪುರದ ಬಸ್ಸು ಹತ್ತಿದರು. ಕುಂಥುನಾಥನ ಕ್ಷಮೆ ಕೇಳಿ ಎಂಟು ಚಿಪ್ಪು ತಂದು, ಬೆಳ್ಳಿ ಕಾಗದ ಸಮೇತ ಹಪ್ಪಳದ ಡಬ್ಬಿಯಲ್ಲಿ ಮುಚ್ಚಿಟ್ಟರು. ಮರುದಿನ ಅಪ್ಪ ಅಂಗಡಿಗೆ ಹೋದ ಮೇಲೆ ಕಾಂಚನ ಅವ್ವನ ಹತ್ತಿಯ ಸೀರೆ ಉಟ್ಟು ಕೂತು, ಸತ್ತವನ್ನು ಕಿತ್ತು ಹೊಸವನ್ನು ಕೂಡಿಸಿದಳು. ಆಟ ತುಂಬಿದ್ದ ಕ್ಯಾಸೆಟ್ಟು ಟೇಪ್ ರೆಕಾರ್ಡರಿನಲ್ಲಿ ಐದು ನಿಮಿಷ ಕಿರುಚಿ ಕಂಪ್ಯೂಟರಿಗೆ ಆಟ ಉಣಿಸಿತು. ಟಿವಿಯಲ್ಲಿ ಇಟ್ಟಿಗೆ ಗೋಡೆ ಮೂಡಿತು, ಚೆಂಡೊಂದು ಅದನ್ನು ಬಡಿಯತೊಡಗಿತು. ಸಂಜೆ ಬಂದ ಮಹಾವೀರಣ್ಣ ನೋಡಿದ. ಹೇಗೆ ನಡೆಯಿತು ಎಂದು ಕೇಳಲಿಲ್ಲ. ಕೇಳದೇ ಇರುವುದರಲ್ಲಿ ಅವನು ಬಲು ಜಾಣ.

ಎಂಟನೆಯ ತಾರೀಖು ನಾಲ್ಕು ಗಂಟೆಗೇ ಭಾವುಸಾಹೇಬರು ಬಂದರು. ಜೈನರ ಮನೆ, ಹೊತ್ತು ಮುಳುಗುವ ಮುಂಚೆ ಊಟ ಆಗಬೇಕಲ್ಲ, ಶಾಲನ ಒಳಗೆ ಗಡಿಬಿಡಿಯಲ್ಲಿದ್ದಳು. ಹದಿನೆಂಟು ಮಗ್ಗಗಳ ಮಾಲಕ, ಮಹಾವೀರಣ್ಣನ ದೊಡ್ಡ ಗಿರಾಕಿ ಭೀಮಗೊಂಡನೂ ಕಂಪ್ಯೂಟರ್ ನೋಡಲು ಬಂದು ಕೂತಿದ್ದ. ಭಾವುಸಾಹೇಬರು ಎರಡು ಬೆರಳಿನಿಂದ ಚೆಂಡು ಹೊಡೆಯುತ್ತ ಮೈಮರೆತಿದ್ದರು. ಮಹಾವೀರಣ್ಣ ಪಕ್ಕದಲ್ಲಿ ನಿಂತು, ಒಂದೊಂದು ಚಿಪ್ಪನ್ನೂ ತಾನು ಹೇಗೆ ಹೊಸೆದು ಆರಿಸಿದೆನೆಂದು ಬೆರಳು ಆಡಿಸಿ ತೋರಿಸುತ್ತಿದ್ದ. ಮಾಲಿನ ಗುಣ ಬಲ್ಲ ಇಂಥ ಪಾರಖಿಯ ಮನೆಯ ಹೆಣ್ಣೆಂದರೆ ನೋಡುವುದೇ ಬೇಡ, ಶ್ರಾವಣಕ್ಕೆ ಮುಂಚೆ ಅಕ್ಷತೆ ಬೀಳಲಿ ಎಂದರು ಭಾವುಸಾಹೇಬರು. ಹೊಗಳಿಕೆ ಕೇಳಿ ಹಿಗ್ಗಿದ ಮನುಷ್ಯ ಕೊಟ್ಟ ಮಾತನ್ನೇ ಮರೆತ. ಕೊಲ್ಹಾಪುರದ ಓದಿನದೇನು ಬಿಡಿರಿ, ಹುಡುಗಾಟ ಎಂದುಬಿಟ್ಟ.

ಕಾಂಚನ ಚಹಾದ ತಟ್ಟೆಯನ್ನು ಕೆಳಗಿಟ್ಟಳು.

"ಅಪ್ಪಾ, ನೀವು ಮುಟ್ಟಿ ತಂದ ಹದಿನಾರೂ ಸತ್ತಾವ. ಇವನ್ನ ಅವ್ವ ಹಪ್ಪಳದ ಡಬ್ಬ್ಯಾಗ ತಂದಾಳ. ನೀವು ಮುಟ್ಟಿಲ್ಲ, ಅದಕ್ಕ ನಡದಾವ."

ಭಾವುಸಾಹೇಬರ ಚೆಂಡು ಕೆಳಗೆ ಬಿತ್ತು. ಭೀಮಗೊಂಡ ಟಿವಿ ಬಿಟ್ಟು ಮಹಾವೀರಣ್ಣನ ಕೈಯನ್ನೇ ನೋಡತೊಡಗಿದ. ಕುಂಥುನಾಥನದೇ ಮೋಸ ಎಂಬ ಮಾತು ಮಹಾವೀರಣ್ಣನ ಬಾಯಿಯವರೆಗೆ ಬಂತು, ಆದರೆ ಅದೇ ಕುಂಥುನಾಥನ ಮಾಲು ಎದುರಿಗೇ ಓಡುತ್ತಿತ್ತು. ಮಗಳು ಸುಳ್ಳು ಹೇಳುತ್ತಾಳೆ ಎಂದರೆ ಎಲ್ಲರೂ ನಂಬುತ್ತಿದ್ದರು, ನಂಬಲು ಕಾದೇ ಕೂತಿದ್ದರು. ಆಮೇಲೆ ಸುಳ್ಳುಗಾತಿ ಎಂಬ ಹೆಸರು ಹೊತ್ತು ಅವಳು ಎಲ್ಲಿಗೂ ಹೋಗುವಂತಿರಲಿಲ್ಲ. ಅವನು ಅಡಿಗೆಮನೆಯ ಬಾಗಿಲ ಕಡೆ ನೋಡಿದ. ಶಾಲನ ಅಲ್ಲಿ ನಿಂತಿದ್ದಳು, ದೃಷ್ಟಿ ತಗ್ಗಿಸಲಿಲ್ಲ.

"ಹುಡಿಗಿ ಅನ್ನೂದು ಖರೆ ಏನ್ರಿ?" ಎಂದರು ಭಾವುಸಾಹೇಬರು.

ಮಹಾವೀರಣ್ಣ ಹೆಬ್ಬೆರಳನ್ನು ಮುಷ್ಟಿಯೊಳಗೆ ಅಡಗಿಸಿಕೊಂಡ. ಅಷ್ಟು ನಾಚಿಕೆ ಅವನಿಗೆ ಜನ್ಮದಲ್ಲಿ ಆಗಿರಲಿಲ್ಲ.

"ಖರೆ ಐತ್ರಿ," ಎಂದ. "ಮಾತು ಕೊಟ್ಟೇನಿ. ಕೊಲ್ಹಾಪುರಕ್ಕ ಹೋಗ್ತಾಳ."

ಭೀಮಗೊಂಡ ಚಹಾ ಮುಗಿಸಿ, ಬಟ್ಟಲು ಕೆಳಗಿಟ್ಟು ಎದ್ದ. ನಾಳೆ ಅಂಗಡಿಗೆ ಬರುತ್ತೇನೆ, ಈ ಸಲ ನೂಲನ್ನು ನಾನೇ ಬಿಚ್ಚಿ ನೋಡುತ್ತೇನೆ ಎಂದು ಮೆಲ್ಲಗೆ ಹೇಳಿದ. ಮಹಾವೀರಣ್ಣ ಬರ್ರಿ ಎಂದ.